ಥಾಯ್ ದೆವ್ವದ ಕೂದಲ ಬಗ್ಗೆ ನನ್ನ ಅಭಿಪ್ರಾಯ

ದೆವ್ವದ ಸಿನಿಮಾಕ್ಕೆ ನಾನು ಹೆದರುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಮಂದಿಯಲ್ಲಿ ಬಹಳ ಕಾಲದಿಂದ ಇತ್ತು. ಅದನ್ನು ಹಬ್ಬಿಸಿದವಳು ನಾನೇ. ನಿಜ ಹೇಳಬೇಕೆಂದರೆ ನನ್ನಷ್ಟು ಪುಕ್ಕಲು ಹೆಂಗಸು ಹುಡುಕಿದರೂ ಸಿಗುವುದಿಲ್ಲ. ಬಚ್ಚಲುಮನೆಯ ಬಾಗಿಲು ಗಾಳಿಗೆ ಕಿರ್ರೆಂದರೆ ಸಾಕು, ಜೀವ ಬಾಯಿಗೆ ಬರುತ್ತದೆ. ಆದರೆ ನನ್ನ ಕಸುಬು ವಿಗ್ ಮಾಡುವುದು. ತೆರೆಯ ಮೇಲೆ ದೆವ್ವ ಬಂದ ಕೂಡಲೇ ನಾನು ಅದರ ಮುಖ ಬಿಟ್ಟು ಕೂದಲು ನೋಡಲು ಶುರುಮಾಡುತ್ತೇನೆ. ಬೈತಲೆ ಎಲ್ಲಿ ತೆಗೆದಿದ್ದಾರೆ, ಹಣೆಯಂಚಿನಲ್ಲಿ ವಿಗ್ಗಿನ ಬಲೆ ಕಾಣುತ್ತಿದೆಯೇ, ಕತ್ತಿನ ಹಿಂದೆ ಕೂದಲು ಎತ್ತ ಬೀಳುತ್ತಿದೆ ಎಂದು ಪರೀಕ್ಷೆ ಮಾಡುತ್ತಾ ಕೂತರೆ ಹೆದರಲು ಪುರುಸೊತ್ತು ಸಿಗುವುದಿಲ್ಲ. ಮನೆಯವರು ಇದನ್ನು ಧೈರ್ಯ ಎಂದುಕೊಂಡರು. ತಿದ್ದುವ ಅಗತ್ಯ ನನಗೂ ಕಾಣಲಿಲ್ಲ.

ನನ್ನ ಕೋಣೆ ಇರುವುದು ಒಂದು ನಾಟಕ ಕಂಪನಿಯ ರಂಗಮಂದಿರದ ಹಿಂಭಾಗದಲ್ಲಿ, ಸೆಟ್ಟಿನ ಹಲಗೆಗಳನ್ನು ಪೇರಿಸಿಡುವ ಜಾಗದ ಪಕ್ಕ. ಕಿಟಕಿಯ ಕೆಳಗೆ ಉದ್ದದ ಮೇಜು, ಅದರ ಮೇಲೆ ಸಾಲಾಗಿ ಮರದ ತಲೆಗಳು. ಮರದ ತಲೆಗೆ ಬಲೆಯ ಟೋಪಿ ತೊಡಿಸಿ, ಕೊಕ್ಕೆ ಮೂತಿಯ ಸಣ್ಣ ಸೂಜಿಯಿಂದ ಬಲೆಯ ಒಂದೊಂದು ಕಣ್ಣಿಗೂ ಎರಡು ಮೂರು ಕೂದಲು ಎಳೆದು ಗಂಟು ಹಾಕುತ್ತಾ ಹೋಗುವುದು, ಇಷ್ಟೇ ಕೆಲಸ. ಇದಕ್ಕೆ ಬುದ್ಧಿ ಬೇಡ, ಬೆನ್ನು ಬೇಕು. ರಾಜ, ರಾಣಿ, ಹುಚ್ಚ, ಸನ್ಯಾಸಿ, ಪಿಶಾಚಿ ಎಲ್ಲರೂ ನನ್ನ ಮೇಜಿನಿಂದಲೇ ಎದ್ದು ಹೋಗಿದ್ದಾರೆ. ನಟರು ನನ್ನನ್ನು ‘ತಲೆಯಮ್ಮ’ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಬೇರೇನೋ ಕರೆಯುತ್ತಿರಬೇಕು, ಏಕೆಂದರೆ ನನ್ನ ಸ್ವಂತ ತಲೆಯ ಮೇಲಿರುವುದು ಹೇಳಿಕೊಳ್ಳುವಂಥದ್ದಲ್ಲ. ಹುಟ್ಟಿನಿಂದಲೂ ತೆಳು. ಜಡೆ ಹೆಣೆದರೆ ಇಲಿಬಾಲ, ಬಿಟ್ಟರೆ ಫ್ಯಾನಿನ ಗಾಳಿಗೆ ನೆತ್ತಿ ಕಾಣುತ್ತದೆ.

ಅಕ್ಕನ ತಲೆಯ ಸಮಾಚಾರವೇ ಬೇರೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ತುರುಬು ಎಂಥದ್ದೆಂದರೆ, ಅವಳು ಬಾಗಿಲು ದಾಟಿ ಒಳಗೆ ಹೋದ ಮೇಲೂ ತುರುಬು ಇನ್ನೂ ಹೊಸ್ತಿಲ ಮೇಲೇ ಇರುತ್ತಿತ್ತು. ಶಾಲೆಯಲ್ಲಿ ಹೊಸದಾಗಿ ಕಂಡವರು ನನ್ನನ್ನು, "ಆ ಕೂದಲಿನವಳ ತಂಗಿ ಅಲ್ವಾ?" ಎಂದು ಕೇಳಿ, ನನ್ನ ತಲೆಯತ್ತ ನೋಡಿ, ಪಾಪ ಮಾತು ಬದಲಾಯಿಸುತ್ತಿದ್ದರು. ನನಗೆ ಅಕ್ಕನ ಮೇಲೆ ಪ್ರೀತಿಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಎರಡೂ ಒಂದೇ ಹೊಟ್ಟೆಯಲ್ಲಿ ಜಗಳವಿಲ್ಲದೆ ಬಾಳಿಕೊಂಡಿದ್ದವು. ಮುಂದೆ ಅಕ್ಕ ರೈಲು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತಳು. ದಿನವಿಡೀ ಗಾಜಿನಾಚೆಯ ಜನ ಅವಳನ್ನು ನೋಡಬೇಕು, ಅವಳು ತುರುಬು ಸರಿಮಾಡಿಕೊಳ್ಳುತ್ತಾ ಉತ್ತರ ಕೊಡಬೇಕು. ನಾನು ಮಂದಿಯ ತಲೆಗೆ ಮಂದಿಯ ಕೂದಲು ಕಟ್ಟುತ್ತಾ ಕೂತೆ. ಯಾರಿಗೆ ಯಾವ ಕೆಲಸ ಎಂದು ನಮ್ಮ ತಲೆಗಳೇ ತೀರ್ಮಾನ ಮಾಡಿದಂತಿತ್ತು.

ಹೋದ ಚಳಿಗಾಲದಲ್ಲಿ ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಆಸ್ಪತ್ರೆಯಲ್ಲಿ ಸುತ್ತಿನ ಮೇಲೆ ಸುತ್ತು ಔಷಧಿ ಏರಿಸಬೇಕೆಂದರು. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಅವಳ ಕೂದಲು ಕೈಗೆ ಬರತೊಡಗಿತು, ಆಮೇಲೆ ಒಂದು ದಿನ ಪೂರ್ತಿ ಹೋಯಿತು. ಕಾಯಿಲೆಯ ಹೆಸರು ಕೇಳಿ ಅಳದಿದ್ದ ಅಕ್ಕ ಅವತ್ತು ಅತ್ತಳು. ನಿಲ್ದಾಣದವರಿಗೆ ಬೆನ್ನುನೋವು ಎಂದು ಹೇಳಿ ರಜೆ ಹಾಕಿದ್ದಳು. ಈಗ ಮನೆಯ ಗೇಟು ದಾಟುವುದನ್ನೇ ಬಿಟ್ಟಳು. ಮೂರನೇ ಸುತ್ತಿಗೆ ನಾನು ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು. ಒಂದು ಸುತ್ತು ತಪ್ಪಿದರೂ ಮಾಡಿದ್ದೆಲ್ಲ ವ್ಯರ್ಥವಾಗಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಭಾವ ಬೇಡಿಕೊಂಡರು, ಅವರ ಮಗಳು ಮುನಿಸಿಕೊಂಡು ಊಟ ಬಿಟ್ಟಳು. ಯಾವುದೂ ನಡೆಯಲಿಲ್ಲ.

"ಸ್ಕಾರ್ಫ್ ಕಟ್ಕೊಂಡು ಹೋಗೋಣ" ಎಂದೆ ನಾನು.

"ಸ್ಕಾರ್ಫ್ ಕಟ್ಕೊಂಡ್ರೆ ಬೋರ್ಡ್ ನೇತು ಹಾಕ್ಕೊಂಡ ಹಾಗೆ. ದಾರೀಲಿ ಸಿಕ್ಕೋರೆಲ್ಲ ಓದ್ತಾರೆ."

"ಹಾಗಾದ್ರೆ ವಿಗ್ ಮಾಡಿಕೊಡ್ತೀನಿ."

"ನಿನ್ನ ನಾಟಕದ ತಲೆ ನನಗೆ ಬೇಡ ಕಣೇ."

ನನಗೆ ಸಿಟ್ಟು ಬಂತು. ಅಕ್ಕನ ಜೀವದ ಪ್ರಶ್ನೆ ಎದುರಿಗಿದ್ದಾಗ ನನಗೆ ನನ್ನ ಕಸುಬಿನ ಮಾನ ದೊಡ್ಡದಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಆಗಿದ್ದು ಅದೇ. ಮೂತಿ ಉಬ್ಬಿಸಿಕೊಂಡು ಮನೆಗೆ ಬಂದೆ.

ಆ ಥಾಯ್ ಸಿನಿಮಾವನ್ನು ತಂದವಳು ಅಕ್ಕನ ಮಗಳು. ಕಾಲೇಜಿನಲ್ಲಿ ಅವಳ ಗೆಳತಿಯರೆಲ್ಲ ನೋಡಿ ಮೂರು ದಿನ ದೀಪ ಹಾಕಿಕೊಂಡೇ ಮಲಗಿದ್ದರಂತೆ. ಅಮ್ಮನ ಮನಸ್ಸು ಬೇರೆ ಕಡೆ ಹೊರಳಲಿ ಎಂದು ಒಂದು ಭಾನುವಾರ ಮಧ್ಯಾಹ್ನ ಪರದೆ ಎಳೆದು, ಟೀವಿಗೆ ಜೋಡಿಸಿ, ಧೈರ್ಯವಂತೆ ಎಂದು ನನ್ನನ್ನೂ ಕರೆಸಿದಳು. ಅಕ್ಕ ಉಣ್ಣೆಯ ಟೋಪಿ ಹಾಕಿಕೊಂಡು ಸೋಫಾದ ಮೂಲೆಯಲ್ಲಿ ಕೂತಳು. ಭಾವ ನೆಲದ ಮೇಲೆ. ನಾನು, ಯಾರಿಗೂ ಅನುಮಾನ ಬಾರದ ಹಾಗೆ, ಬಾಗಿಲಿಗೆ ಹತ್ತಿರವಾದ ಕುರ್ಚಿಯಲ್ಲಿ.

ಕಥೆ ಸರಳವಾಗಿತ್ತು. ಕಾಲುವೆಯ ದಂಡೆಯಲ್ಲಿ ಹಳೆಯ ಮರದ ಮನೆ. ಹೊಸದಾಗಿ ಮದುವೆಯಾದ ಇಬ್ಬರು ಅಲ್ಲಿಗೆ ಬಾಡಿಗೆಗೆ ಬರುತ್ತಾರೆ. ಆ ಮನೆಯಲ್ಲಿ ಹಿಂದೆ ಸತ್ತ ಹೆಂಗಸೊಬ್ಬಳು ಇನ್ನೂ ಇದ್ದಾಳೆ. ಯಾರ ತಂಟೆಗೂ ಹೋಗುವುದಿಲ್ಲ. ಸಂಜೆಯಾದರೆ ನೀರಿಗಿಳಿಯುವ ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ಕೂತು ಕೂದಲು ಬಾಚುತ್ತಾಳೆ, ಅಷ್ಟೆ. ಬಾಚಿದಷ್ಟೂ ಕೂದಲು ಬೆಳೆಯುತ್ತದೆ. ಬಾಗಿಲ ಚಿಲಕದಲ್ಲಿ ಕೂದಲು, ನೀರಿನ ಲೋಟದಲ್ಲಿ ಕೂದಲು, ಮಲಗಿದ ಗಂಡನ ಬೆರಳ ಸಂದಿಯಲ್ಲಿ ಕೂದಲು. ಗಂಡ ಹುಚ್ಚನಂತಾಗುತ್ತಾನೆ. ಕೊನೆಗೆ ಹೆಂಡತಿಯೇ ಹೋಗಿ ಆ ದೆವ್ವದ ಹಿಂದೆ ಕೂತು, ಅದರ ಕೈಯಿಂದ ಬಾಚಣಿಗೆ ತೆಗೆದುಕೊಳ್ಳುತ್ತಾಳೆ. ಅಲ್ಲಿಗೆ ಮುಗಿಯಿತು.

ದೆವ್ವ ಮೊದಲ ಸಲ ತಿರುಗಿ ನೋಡಿದಾಗ ನಾನು ಎಂದಿನಂತೆ ಅದರ ಹಣೆಯಂಚಿಗೆ ಕಣ್ಣು ನೆಟ್ಟೆ. ಕಾಲಿನ ಹೆಬ್ಬೆರಳು ಮಾತ್ರ ಚಪ್ಪಲಿಯೊಳಗೆ ಮುದುಡಿಕೊಂಡಿತ್ತು.

ಸಿನಿಮಾ ಮುಗಿದ ಮೇಲೆ ಎಲ್ಲರೂ ಅಭಿಪ್ರಾಯ ಹೇಳಬೇಕೆಂದು ಮಗಳು ಹಟ ಹಿಡಿದಳು. ಭಾವ ಮನೆಗಳಿಗೆ ಬಣ್ಣ ಹೊಡೆಸುವ ಕಂಟ್ರಾಕ್ಟರು. ಅವರು ಗಂಟಲು ಸರಿಮಾಡಿಕೊಂಡರು.

"ಆ ಮರ ವಾರ್ನಿಷ್ ಕಂಡು ಎಷ್ಟು ಕಾಲ ಆಗಿದೆಯೋ. ಗೋಡೆ ಒಳಗೆ ಅಷ್ಟು ತೇವ ಇದ್ರೆ ದೆವ್ವ ಬರಲ್ಲ, ಬೂಷ್ಟು ಹಿಡಿಯುತ್ತೆ. ಮೊದಲು ಮನೆ ಓನರನ್ನ ಹಿಡ್ಕೊಂಡು ಕೇಳ್ಬೇಕಿತ್ತು."

"ಅಪ್ಪ, ಅದು ಗೋಡೆ ಬಗ್ಗೆ ಸಿನಿಮಾ ಅಲ್ಲ" ಎಂದಳು ಮಗಳು. "ಅದು ಹೆದರಿಸೋ ಸಿನಿಮಾನೂ ಅಲ್ಲ. ದುಃಖದ ಸಿನಿಮಾ. ಅವಳ ತಲೆ ಬಾಚೋಕೆ ಯಾರೂ ಇರ್ಲಿಲ್ಲ, ಅಷ್ಟೇ ಅವಳ ಕಷ್ಟ."

ಅಕ್ಕ ತೆರೆಯನ್ನೇ ನೋಡುತ್ತಿದ್ದಳು. ಅಲ್ಲಿ ಹೆಸರುಗಳು ಮೇಲಕ್ಕೆ ಹೋಗುತ್ತಿದ್ದವು.

"ಸತ್ತವಳಿಗೂ ಎಷ್ಟು ಕೂದಲು ನೋಡು" ಎಂದಳು.

ಭಾವ ನೆಲದ ಮೇಲಿದ್ದ ಟೀ ಲೋಟವನ್ನು ಇಲ್ಲಿಂದ ಅಲ್ಲಿಗಿಟ್ಟರು. ನನಗೆ ಗಾಬರಿಯಾಯಿತು, ಮತ್ತು ಗಾಬರಿಯಾದಾಗ ನಾನು ಮಾಡುವ ಒಂದೇ ಕೆಲಸ ಕೂದಲ ಬಗ್ಗೆ ಭಾಷಣ. ಶುರುಮಾಡಿಯೇಬಿಟ್ಟೆ. ಅದು ಕೂದಲೇ ಅಲ್ಲ ಎಂದೆ. ಆ ವಿಗ್ ಮಾಡಿದವರಿಗೆ ನಾಚಿಕೆಯಾಗಬೇಕು ಎಂದೆ. ಬುಡದಿಂದ ತುದಿಯವರೆಗೆ ಒಂದೇ ದಪ್ಪ, ಒಂದೇ ಕಪ್ಪು, ಮುರಿದ ಎಳೆ ಒಂದೂ ಇಲ್ಲ, ಬೈತಲೆ ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ಯಾವ ಹೆಂಗಸಿನ ತಲೆ ಹಾಗಿರುತ್ತದೆ? ಜೀವ ಇದ್ದಾಗ ಇದ್ದ ಕೂದಲು ತಾನೇ ಸತ್ತ ಮೇಲೂ ಇರಬೇಕು? ಇವರು ದೆವ್ವಕ್ಕೆ ಕೂದಲು ಕಟ್ಟಿಲ್ಲ, ಕುದುರೆಗೆ ಬಾಲ ಕಟ್ಟಿದ್ದಾರೆ. ಹೀಗೆಲ್ಲ. ನನ್ನ ಬಾಯಿಗೆ ಬ್ರೇಕು ಇರಲಿಲ್ಲ.

ಅಕ್ಕ ನನ್ನ ಕಡೆ ತಿರುಗಿದಳು.

"ನೀನು ಮಾಡಿದ್ರೆ ನಿಜವಾದ್ದರ ಥರ ಇರ್ತಿತ್ತಾ?"

"ಇರ್ತಿತ್ತು."

"ಸರಿ, ಮಾಡಿ ತೋರ್ಸು. ನನ್ನ ಕೂದಲು ಹೇಗಿತ್ತೋ ಹಾಗೇ ಇರ್ಬೇಕು. ಇದ್ರೆ ಆಸ್ಪತ್ರೆಗೆ ಬರ್ತೀನಿ. ಇಲ್ದಿದ್ರೆ ಇನ್ಮೇಲೆ ಯಾರೂ ನನ್ನನ್ನ ಕೇಳೋ ಹಾಗಿಲ್ಲ."

ಭಾವ ಮತ್ತು ಮಗಳು ಇಬ್ಬರೂ ನನ್ನನ್ನು ನೋಡಿದರು. ಬೇರೊಂದು ದೇಶದ ಯಾರೋ ಬಡಪಾಯಿ ವಿಗ್ ಕೆಲಸಗಾರನನ್ನು ಬಾಯಿಗೆ ಬಂದಂತೆ ಬೈದದ್ದಕ್ಕೆ ನನಗೆ ಅಲ್ಲೇ ಶಿಕ್ಷೆಯಾಗಿತ್ತು. ಮೂರನೇ ಸುತ್ತಿಗೆ ಇನ್ನು ಮೂರು ವಾರ.

ಅಳತೆ ತೆಗೆಯಲು ಅಕ್ಕನ ಉಣ್ಣೆಯ ಟೋಪಿ ಬಿಚ್ಚಬೇಕಾಯಿತು. ಅವಳ ಬರಿತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟೋ ನಟರ ತಲೆಗೆ ಟೇಪು ಸುತ್ತಿದ್ದೇನೆ, ಬೋಳುತಲೆಗಳೇನೂ ಹೊಸದಲ್ಲ. ಆದರೂ ಟೇಪು ಕೈಯಿಂದ ಜಾರಿತು. ಹಣೆಯಿಂದ ಕತ್ತಿನವರೆಗೆ, ಕಿವಿಯಿಂದ ಕಿವಿಗೆ ಅಳೆದು, ಅಂಕಿಗಳನ್ನು ಜೋರಾಗಿ ಓದುತ್ತಾ ಮಗಳಿಂದ ಬರೆಸಿದೆ. ಅಷ್ಟು ಜೋರಾಗಿ ಓದುವ ಅಗತ್ಯ ಇರಲಿಲ್ಲ.

ಆಮೇಲೆ ನಾನು ಕೆಲಸ ಮಾಡಿದ ರೀತಿಯನ್ನು ಕಂಡು ನಟರು ದೂರ ದೂರ ಓಡಾಡಿದರು. ಮುಂದಿನ ನಾಟಕದ ರಾಣಿಗೆಂದು ತೆಗೆದಿಟ್ಟಿದ್ದ, ಕಪಾಟಿನ ಅತ್ಯುತ್ತಮ ಕೂದಲನ್ನು ಹೊರತೆಗೆದೆ. ಮೊಳೆ ಬಡಿದ ಹಲಗೆಯ ಮೇಲೆ ಎಳೆದು ಎಳೆದು ಗಿಡ್ಡ ಎಳೆಗಳನ್ನೆಲ್ಲ ಬಿಸಾಡಿದೆ. ಕಣ್ಣು ಮುಚ್ಚಿದರೆ ಅಕ್ಕನ ತುರುಬು ಕಾಣುತ್ತಿತ್ತು, ಹೊಸ್ತಿಲ ಮೇಲೇ ಉಳಿಯುತ್ತಿದ್ದದ್ದು. ಅದನ್ನೇ ನೋಡಿಕೊಂಡು ಗಂಟು ಹಾಕಿದೆ. ಇನ್ನೂ ದಪ್ಪ ಇತ್ತಲ್ಲ ಎನ್ನಿಸಿದಾಗ ಇನ್ನಷ್ಟು ಹಾಕಿದೆ. ಫೋಟೋ ನೋಡಬಹುದಿತ್ತು. ನನ್ನ ಅಕ್ಕನ ಕೂದಲಿಗೆ ಫೋಟೋ ಬೇಕೆ ಎಂದು ಜಂಬದಿಂದ ಬಿಟ್ಟೆ. ರಾಣಿಯ ಕೂದಲು ಹೋಯಿತೆಂದು ಕೂಗಾಡಲು ಬಂದ ನಾಟಕದ ಮೇಷ್ಟ್ರು, ಮುಗಿದ ವಿಗ್ಗನ್ನು ಕಂಡು ಬಾಯಿ ಮುಚ್ಚಿಕೊಂಡರು.

"ಅಬ್ಬಾ, ಕೊನೇ ಸಾಲಿನವನಿಗೂ ಕಾಣುತ್ತೆ ತಲೆಯಮ್ಮ" ಎಂದರು.

ಇದಕ್ಕಿಂತ ದೊಡ್ಡ ಎಚ್ಚರಿಕೆ ನನಗೆ ಯಾರೂ ಕೊಡಲು ಸಾಧ್ಯವಿರಲಿಲ್ಲ. ನಾನು ಅದನ್ನು ಹೊಗಳಿಕೆ ಎಂದುಕೊಂಡು ಹಲ್ಲು ಬಿಟ್ಟೆ.

ಶನಿವಾರ ಭಾವ ಮತ್ತು ಮಗಳು ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು, ಹಿಂಬಾಗಿಲಿನಿಂದ ನನ್ನ ಕೋಣೆಗೆ ಕರೆತಂದರು. ಆಸ್ಪತ್ರೆಯ ದಿನ ಸೋಮವಾರ. ನಾನು ದೊಡ್ಡ ಕನ್ನಡಿಯ ಮುಂದೆ ಕುರ್ಚಿ ಹಾಕಿದ್ದೆ, ಕನ್ನಡಿ ಒರೆಸಿದ್ದೆ. ಕೆಲಸ ಗೊತ್ತಿದ್ದವಳ ಗತ್ತಿನಲ್ಲಿ ಅಕ್ಕನ ತಲೆಗೆ ವಿಗ್ ತೊಡಿಸಿ, ಬಾಚಿ, ಹಿಂದೆ ಸರಿದು ನಿಂತೆ.

ಕನ್ನಡಿಯಲ್ಲಿ ಒಬ್ಬಳು ಮಹಾರಾಣಿ ಕೂತಿದ್ದಳು. ಕೂದಲು ಹೆಗಲ ಮೇಲಿಂದ ಕಪ್ಪಗೆ, ಮಂದವಾಗಿ, ಒಂದು ಎಳೆಯೂ ಆಚೀಚೆಯಾಗದೆ ಸುರಿದಿತ್ತು. ಅದರ ನಡುವೆ ಕಾಯಿಲೆಯಿಂದ ಸೊರಗಿದ ನನ್ನ ಅಕ್ಕನ ಸಣ್ಣ ಮುಖ ಎಲ್ಲೋ ಕಳೆದುಹೋಗಿತ್ತು.

"ಚೆನ್ನಾಗಿದೆ" ಎಂದರು ಭಾವ, ಗೋಡೆಯ ಬಣ್ಣ ಗಿರಾಕಿಗೆ ಹಿಡಿಸದಿದ್ದಾಗ ಆಡುವ ದನಿಯಲ್ಲಿ.

"ಅಮ್ಮ, ನೀನು ಒಳ್ಳೆ ಆ ಸಿನಿಮಾದ..." ಎಂದು ಶುರುಮಾಡಿದ ಮಗಳು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡಳು.

ಅಕ್ಕ ಕನ್ನಡಿಯನ್ನೇ ನೋಡುತ್ತಿದ್ದಳು. ಸೂಜಿ ಪೆಟ್ಟಿಗೆ ಹುಡುಕುವ ನೆಪದಲ್ಲಿ ಅವರಿಗೆ ಬೆನ್ನು ಮಾಡಿ ಕಪಾಟಿನೊಳಗೆ ತಲೆ ತೂರಿಸಿ ನಿಂತೆ. ಸ್ವಲ್ಪ ಹೊತ್ತಿಗೆ ಕೋಣೆ ತೀರಾ ನಿಶ್ಶಬ್ದವಾಯಿತು ಎನ್ನಿಸಿ ತಿರುಗಿದೆ. ಗೇಣು ದೂರದಲ್ಲಿ, ಮುಖವೇ ಇಲ್ಲದೆ, ಬರೀ ಕೂದಲು ನಿಂತಿತ್ತು. ಅದರೊಳಗಿಂದ ಒಂದು ಬಾಚಣಿಗೆ ನಿಧಾನವಾಗಿ ನನ್ನ ಕಡೆ ಬಂತು.

ಆ ಕೂದಲಿನ ಒಂದೊಂದು ಗಂಟನ್ನೂ ಹಾಕಿದವಳು ನಾನು. ಅದು ಅಕ್ಕ ಎಂದು ನನಗೆ ಗೊತ್ತಿತ್ತು. ಆದರೂ ರಂಗಮಂದಿರದ ಆಚೆ ತುದಿಯಲ್ಲಿ ಟಿಕೆಟ್ ಹರಿಯುವವನು ಓಡಿಬರುವ ಹಾಗೆ ಕಿರುಚಿದೆ. ಕಿರುಚಿದ್ದಷ್ಟೇ ಅಲ್ಲ, ಮೇಜಿನ ಮೇಲೆ ಹತ್ತಿದ್ದೆ. ಹೇಗೆ ಹತ್ತಿದೆನೋ ನನಗೆ ಇವತ್ತಿಗೂ ತಿಳಿಯದು, ಆ ಮೇಜು ನನ್ನ ಸೊಂಟದೆತ್ತರ ಇದೆ. ಮರದ ತಲೆಗಳು ನೆಲದ ಮೇಲೆ ಉರುಳಾಡುತ್ತಿದ್ದವು. ಅಕ್ಕ ಮುಖದ ಮೇಲಿನ ಕೂದಲು ಸರಿಸಿ ನಗಲು ಶುರುಮಾಡಿದಳು. ಚಳಿಗಾಲದಿಂದ ಈಚೆಗೆ ಅವಳು ನಕ್ಕದ್ದನ್ನು ನಾವು ಯಾರೂ ಕೇಳಿರಲಿಲ್ಲ. ಭಾವ ನಕ್ಕರು, ಮಗಳು ನಕ್ಕಳು, ಟಿಕೆಟಿನವನೂ ಕಾರಣ ಕೇಳದೆ ನಕ್ಕ. ನಾನೂ ಮೇಜಿನ ಮೇಲಿಂದಲೇ ನಕ್ಕೆ. ನನ್ನ ಧೈರ್ಯದ ಹೆಸರು ಅಲ್ಲಿಗೆ ಮಣ್ಣುಪಾಲಾಯಿತು.

ನಕ್ಕು ಮುಗಿದ ಮೇಲೆ ಅಕ್ಕ ವಿಗ್ ತೆಗೆದು ನನ್ನ ಕೈಗೆ ಕೊಟ್ಟಳು.

"ಇದು ನನ್ನ ಕೂದಲಲ್ಲ ಕಣೇ. ಇದನ್ನ ಹಾಕ್ಕೊಂಡು ಹೊರಗೆ ಹೋದ್ರೆ ಮಕ್ಕಳು ಜ್ವರ ಬಂದು ಮಲಗ್ತವೆ. ನಾನು ಎಲ್ಲಿಗೂ ಬರಲ್ಲ" ಎಂದಳು. ಟೋಪಿ ಎಳೆದುಕೊಂಡು ಕಾರಿನ ಕಡೆ ಹೊರಟಳು. ಭಾವ ನನ್ನತ್ತ ಒಮ್ಮೆ ನೋಡಿದರು. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ಒಬ್ಬಳೇ ಕೂತು ಆ ವಿಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬುಡದಿಂದ ತುದಿಯವರೆಗೆ ಒಂದೇ ದಪ್ಪ. ಒಂದೇ ಕಪ್ಪು. ಮುರಿದ ಎಳೆ ಒಂದೂ ಇಲ್ಲ. ಆ ಥಾಯ್ ಕೆಲಸಗಾರ ಎಲ್ಲಿದ್ದಾನೋ ಹುಡುಕಿ ಕ್ಷಮೆ ಕೇಳಬೇಕೆನ್ನಿಸಿತು. ಅವನಾದರೂ ದೆವ್ವಕ್ಕೆ ಮಾಡಿದ್ದ. ನಾನು ಬದುಕಿರುವ ಅಕ್ಕನಿಗೆ ಮಾಡಿದ್ದೆ. ಅವಳು ಸೋಮವಾರ ಹೋಗದಿದ್ದರೆ ಏನಾಗುತ್ತದೆ ಎಂದು ಮೊದಲ ಸಲ ನೆಟ್ಟಗೆ ಯೋಚಿಸಿದೆ. ಆ ಭಯಕ್ಕೆ ಹಣೆಯಂಚೂ ಇರಲಿಲ್ಲ, ಬೈತಲೆಯೂ ಇರಲಿಲ್ಲ, ಕಣ್ಣು ತಪ್ಪಿಸಿ ನೋಡಲು ಏನೂ ಇರಲಿಲ್ಲ.

ಮರುದಿನ ಬೆಳಗ್ಗೆಯೇ ವಿಗ್ಗು, ಮರದ ತಲೆ, ಚಿಮಟ, ಸೂಜಿ ಎಲ್ಲ ಚೀಲಕ್ಕೆ ತುಂಬಿಕೊಂಡು ಅಕ್ಕನ ಕೋಣೆಗೆ ಹೋದೆ. ಅವಳು ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮರದ ತಲೆಯನ್ನು ಅವಳ ಕಾಲ ಬಳಿ ನಿಲ್ಲಿಸಿದೆ.

"ನಿನ್ನ ಕೂದಲು ಹೇಗಿತ್ತು ಅಂತ ನೀನೇ ಹೇಳು" ಎಂದೆ.

"ನಿನಗೆ ಗೊತ್ತಿಲ್ವಾ? ಹುಟ್ಟಿದಾಗಿಂದ ಅದನ್ನೇ ನೋಡ್ಕೊಂಡು ಬಂದಿದೀಯ."

"ನನಗೆ ಹೀಗೆ ಕಾಣ್ತಿತ್ತು."

ಅಕ್ಕ ವಿಗ್ಗನ್ನು ನೋಡಿದಳು, ನನ್ನನ್ನು ನೋಡಿದಳು. ಬಾಗಿಲು ಹಾಕು ಎಂದು ಸನ್ನೆ ಮಾಡಿದಳು. ಹಾಕಿ ಬಂದೆ.

"ಯಾರಿಗೂ ಹೇಳ್ಬೇಡ. ನಿಮ್ಮ ಭಾವನಿಗೂ ಗೊತ್ತಿಲ್ಲ. ಆ ತುರುಬಿನೊಳಗೆ ಕಾಲುಚೀಲ ಇತ್ತು."

"ಏನಿತ್ತು?"

"ಕಾಲುಚೀಲ ಕಣೇ. ಕಪ್ಪು ಕಾಲುಚೀಲ ಸುರುಳಿ ಸುತ್ತಿ ಒಳಗಿಡ್ತಿದ್ದೆ. ಹೈಸ್ಕೂಲಿಂದ. ಮೊದಮೊದಲು ಅಪ್ಪಂದು, ಆಮೇಲೆ ಇವ್ರದ್ದು. ಒಂದೊಂದು ಜೊತೇಲಿ ಒಂದು ಕಳ್ಕೊಂಡೆ ಅಂತ ಅವ್ರು ಇವತ್ತಿಗೂ ಬಟ್ಟೆ ಒಗೆಯೋ ಮೆಷಿನ್ನನ್ನ ಬೈತಾರೆ."

ಬಾಲ್ಯವಿಡೀ, ಯೌವನವಿಡೀ, ಮೊನ್ನೆ ಮೊನ್ನೆಯವರೆಗೂ ನಾನು ಹೊಟ್ಟೆ ಉರಿಸಿಕೊಂಡದ್ದರಲ್ಲಿ ಅರ್ಧಕ್ಕರ್ಧ ಕಾಲುಚೀಲ. ಅದೂ ಭಾವನದು. ನಾನು ಕಷ್ಟಪಟ್ಟು ಕಟ್ಟಿದ್ದು ಅಕ್ಕನ ಕೂದಲನ್ನಲ್ಲ, ನನ್ನ ಹೊಟ್ಟೆಕಿಚ್ಚಿನ ಕೂದಲನ್ನು. ಅದು ಅಷ್ಟು ದಪ್ಪ ಇದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಕ್ಕ ಒಂದೊಂದಾಗಿ ಹೇಳತೊಡಗಿದಳು. ಎಡಗಡೆ ಹಣೆಯ ಪಕ್ಕದಲ್ಲಿ ಕೂದಲು ಯಾವತ್ತೂ ಬೆಳೆಯಲೇ ಇಲ್ಲ. ಬಲಗಿವಿಯ ಹಿಂದೆ ಸೈಕಲ್ಲಿನಿಂದ ಬಿದ್ದ ಕಲೆ, ಅಲ್ಲಿ ಹೆಬ್ಬೆರಳಷ್ಟು ಜಾಗ ಬೋಳು. ಬೈತಲೆ ನೇರ ಹೋಗದೆ ನೆತ್ತಿಯ ಹತ್ತಿರ ಬಲಕ್ಕೆ ಹೊರಳುತ್ತದೆ. ಕತ್ತಿನ ಬಳಿ ಎಷ್ಟು ಬಾಚಿದರೂ ನಿಲ್ಲದ ಗಿಡ್ಡ ಎಳೆಗಳು. ಇವನ್ನೆಲ್ಲ ಅವಳು ಪಿನ್ನು ಚುಚ್ಚಿ, ಮಡಿಸಿ, ಬಣ್ಣ ಹಚ್ಚಿ ಇಷ್ಟು ವರ್ಷ ಜಗತ್ತಿನಿಂದ ಬಚ್ಚಿಟ್ಟಿದ್ದಳು. ನಾನು ಚಿಮಟದಿಂದ ಗಂಟು ಕೀಳುತ್ತಾ ಹೋದೆ. ಕಟ್ಟುವುದಕ್ಕಿಂತ ಕೀಳುವುದು ಕಷ್ಟ, ಬಲೆ ಹರಿಯಬಾರದು. ಸ್ವಲ್ಪ ಹೊತ್ತಿಗೆ ಅಕ್ಕನೂ ಇನ್ನೊಂದು ಚಿಮಟ ಹಿಡಿದು ಕೂತಳು.

"ಇನ್ನೂ ತೆಗಿ. ಅಲ್ಲಿ ಅಷ್ಟಿರ್ಲಿಲ್ಲ."

"ಇಷ್ಟು ಸಾಕಾ?"

"ಇನ್ನೂ ತೆಗಿಯೇ, ನಾಚಿಕೆ ಯಾಕೆ, ನನ್ನ ತಲೆ ತಾನೆ."

ನಡುವೆ ನಾನು ನಾಲ್ಕು ಬಿಳಿ ಎಳೆ ಸೇರಿಸಿದೆ. ಅದಕ್ಕೆ ಮಾತ್ರ ದೊಡ್ಡ ಜಗಳವಾಯಿತು. ಬಣ್ಣ ಹಾಕುತ್ತಿದ್ದುದರಿಂದ ಬಿಳಿ ಲೆಕ್ಕಕ್ಕಿಲ್ಲ ಎಂದು ಅವಳು, ಬಣ್ಣ ಹಾಕಿ ಹತ್ತು ದಿನಕ್ಕೆ ಬುಡದಲ್ಲಿ ಬೆಳ್ಳಗೆ ಕಾಣುತ್ತಿತ್ತು ಎಂದು ನಾನು. ಕೊನೆಗೆ ಎರಡಕ್ಕೆ ಒಪ್ಪಂದವಾಯಿತು.

ಸಂಜೆಯ ಹೊತ್ತಿಗೆ ನೆಲದ ಮೇಲೆ ಒಂದು ರಾಶಿ ಕೂದಲು ಬಿದ್ದಿತ್ತು. ವಿಗ್ಗನ್ನು ಅವಳ ತಲೆಗಿಟ್ಟು ಅಂಚು ಕೂರಿಸುತ್ತಿದ್ದೆ.

"ಬಂದಾಗಿಂದ ತಲೆ ನೋಡ್ತಿದೀಯ. ಒಂದ್ಸಲ ಮುಖ ನೋಡು" ಎಂದಳು ಅಕ್ಕ.

ನೋಡಿದೆ. ಹುಬ್ಬೂ ಇರಲಿಲ್ಲ, ರೆಪ್ಪೆಯೂ ಇರಲಿಲ್ಲ. ಕಣ್ಣಿನ ಕೆಳಗೆ ಕಪ್ಪು. ಅವಳಿಗೆ ಭಯವಾಗಿತ್ತು. ಕೂದಲಿಗಲ್ಲ, ಜನಕ್ಕಲ್ಲ, ಆ ಆಸ್ಪತ್ರೆಗೆ, ಆ ಔಷಧಿಗೆ, ಅದರಾಚೆ ಏನಿದೆಯೋ ಅದಕ್ಕೆ. ಇಷ್ಟು ದಿನ ನನಗೆ ಅದು ಕಾಣದಂತೆ ನಾನೇ ನೋಡಿಕೊಂಡಿದ್ದೆ.

"ನನಗೂ ಹೆದರಿಕೆ ಆಗುತ್ತೆ ಅಕ್ಕ" ಎಂದೆ.

"ನಿನ್ನ ಹೆದರಿಕೆ ನಿನ್ನೆ ಇಡೀ ಬೀದಿಗೆ ಕೇಳಿಸ್ತು" ಎಂದಳು. ವಿಗ್ಗಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು, "ನಾಳೆ ಎಷ್ಟು ಗಂಟೆಗೆ ಹೋಗ್ಬೇಕು?" ಎಂದು ಕೇಳಿದಳು.

ಸೋಮವಾರ ನಾವಿಬ್ಬರೂ ಆಸ್ಪತ್ರೆಯ ಕಾಯುವ ಹಾಲಿನಲ್ಲಿ ಕೂತಿದ್ದೆವು. ಭಾವ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಅಕ್ಕನ ತಲೆಯ ಮೇಲೆ ಸಾಧಾರಣ ಕೂದಲು, ಸಾಧಾರಣವಾಗಿ ಹಿಂದಕ್ಕೆ ಕಟ್ಟಿದ್ದು, ಕತ್ತಿನ ಬಳಿ ಎರಡು ಎಳೆ ಹೇಳಿದ ಮಾತು ಕೇಳದೆ ಎದ್ದು ನಿಂತಿದ್ದವು. ಅವಳು ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬಾಗಿಲು ತೆರೆದಾಗಲೆಲ್ಲ ಅತ್ತ ನೋಡುತ್ತಿದ್ದಳು, ಹೊರಗೆ ಹೋಗುವ ಬಾಗಿಲನ್ನೂ ನೋಡುತ್ತಿದ್ದಳು. ಅವಳು ಎದ್ದು ಹೊರಟರೆ ಹಿಡಿಯಲು ನಾನು ಸಿದ್ಧಳಾಗಿಯೇ ಕೂತಿದ್ದೆ.

ನಮ್ಮ ಪಕ್ಕದಲ್ಲಿ ಹೂವಿನ ಸ್ಕಾರ್ಫ್ ಕಟ್ಟಿದ್ದ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಬಹಳ ಹೊತ್ತು ನಮ್ಮಿಬ್ಬರನ್ನೂ ಗಮನಿಸಿದಳು. ಆಮೇಲೆ ಬಾಗಿ, ನನ್ನ ಕೈಮೇಲೆ ಕೈಯಿಟ್ಟಳು.

"ಹೆದರ್ಕೋಬೇಡಮ್ಮ. ನನ್ನದು ಇದು ಐದನೇ ಸುತ್ತು. ಹೋಗಿದ್ದು ಮತ್ತೆ ಬರುತ್ತೆ. ನಿಂದು ಪೂರ್ತಿ ಹೋಗೇ ಇಲ್ಲ, ಪುಣ್ಯ" ಎಂದು ನನ್ನ ನೆತ್ತಿಯನ್ನು ನೋಡಿದಳು. ಅಕ್ಕನ ಕಡೆ ತಿರುಗಿ, "ನೀವು ಜೊತೆಗೆ ಬಂದಿದೀರಲ್ಲ, ಅದೇ ದೊಡ್ಡ ಧೈರ್ಯ ಅವ್ರಿಗೆ" ಎಂದಳು.

ನಾನು ತಕ್ಷಣ "ಹೂಂ" ಎಂದೆ. ಅಕ್ಕ ಇವತ್ತು ಒಳಗೆ ಹೋಗುವುದಾದರೆ ನಾನು ಕಾಯಿಲೆಯವಳಾಗಲು ತಯಾರಿದ್ದೆ, ಬೇಕಿದ್ದರೆ ಇಡೀ ಆಸ್ಪತ್ರೆಯ ಎದುರು. ಮುಖ ಸೊರಗಿಸಿಕೊಂಡೆ ಕೂಡ.

ಅಕ್ಕ ನನ್ನನ್ನೊಮ್ಮೆ ನೋಡಿದಳು. ಬ್ಯಾಗು ಕೆಳಗಿಟ್ಟಳು.

"ಅವಳಿಗೇನೂ ಆಗಿಲ್ಲ. ಅವಳ ಕೂದಲು ಹುಟ್ಟಿದಾಗಿಂದ ಹೀಗೇ" ಎಂದಳು. "ಕ್ಯಾನ್ಸರ್ ಇರೋದು ನನಗೆ."

ಆ ಹೆಂಗಸು ನಂಬಲಿಲ್ಲ. ಅಕ್ಕ ಕಿವಿಯ ಮೇಲೆ ಬೆರಳು ತೂರಿಸಿ, ಅಂಚನ್ನು ಮೆಲ್ಲಗೆ ಎತ್ತಿ, ಒಳಗಿನ ಬಲೆ ತೋರಿಸಿದಳು. ಯಾರಿಗೂ ಕಾಣಬಾರದೆಂದು ನಾನು ಕಣ್ಣು ನೋಯಿಸಿಕೊಂಡು ಮುಚ್ಚಿದ್ದ ಅಂಚು ಅದು. ಎದುರು ಸಾಲಿನವರೂ ಎದ್ದು ಬಂದರು. "ನನ್ನ ತಂಗಿ ಮಾಡಿದ್ದು, ಒಂದೊಂದು ಕೂದಲೂ ಕೈಯಲ್ಲೇ" ಎಂದು ಅಕ್ಕ ಹೇಳುತ್ತಿದ್ದಳು. ಅಷ್ಟರಲ್ಲಿ ನರ್ಸು ಬಾಗಿಲು ತೆರೆದು ಅವಳ ಸರದಿ ಎಂದು ಕೂಗಿದಳು. ಅಕ್ಕ ಅಂಚನ್ನು ಒತ್ತಿಕೊಂಡು ಎದ್ದಳು. ಹೊರಬಾಗಿಲ ಕಡೆ ನೋಡಲಿಲ್ಲ. ಒಳಗೆ ಹೋದಳು.

ಬಾಗಿಲು ಮುಚ್ಚಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ ಮೂಗು ಸುರಿಸಿಕೊಂಡು ಅತ್ತೆ. ಸ್ಕಾರ್ಫಿನ ಹೆಂಗಸು ತನ್ನ ಕರವಸ್ತ್ರ ಕೊಟ್ಟಳು. ನಾನು ಕಣ್ಣೊರೆಸಿಕೊಳ್ಳುವವರೆಗೆ ಕಾದು, ಬಹಳ ಮರ್ಯಾದೆಯಿಂದ ದನಿ ತಗ್ಗಿಸಿದಳು.

"ಕೈಯಲ್ಲಿ ಇಷ್ಟು ಒಳ್ಳೆ ಕೆಲಸ ಇದೆ. ನಿಮಗೂ ಒಂದು ಮಾಡ್ಕೋಬಾರ್ದಾ?"

ಅಳುತ್ತಲೇ ನಗು ಬಂತು. ಮಾಡಿಕೊಳ್ಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಅವಳು ಆ ಕ್ಷಣದಲ್ಲಿ ಏನು ಕೇಳಿದ್ದರೂ ಕೊಡುತ್ತಿದ್ದೆ. ಅಕ್ಕ ಒಳಗೆ ಹೋಗಿದ್ದಳು. ನನಗೆ ಬೇಕಾಗಿದ್ದದ್ದು ಅಷ್ಟೇ.